ವೈಯಾಕರಣಿ ಲಿಂಡ್ಲೆ ಮರ್ರೆ

ಇಂಗ್ಲಿಷ್ ಭಾಷೆಯನ್ನು ಶಾಲೆಯಲ್ಲಿ ಕಲಿತವರೆಲ್ಲರಿಗೂ ಪರೀಕ್ಷೆಯ ಒಂದು ಪ್ರಶ್ನೆ ನೆನಪಿನಲ್ಲಿ ಉಳಿದಿರುತ್ತದೆ. ಐದಾರು ತಪ್ಪು ವಾಕ್ಯಗಳನ್ನು ಕೊಟ್ಟು, ಅವನ್ನು ತಿದ್ದಿ ಬರೆಯಬೇಕೆಂದು ವಿಧಿಸುವ ಪ್ರಶ್ನೆ ಅದು. ಎಷ್ಟೋ ತಲೆಮಾರುಗಳ ವಿದ್ಯಾರ್ಥಿಗಳು ಅದನ್ನು ಬಿಡಿಸಿದ್ದಾರೆ, ಎಷ್ಟೋ ತಲೆಮಾರುಗಳ ಉಪಾಧ್ಯಾಯರು ಅದಕ್ಕೆ ಅಂಕ ಕೊಟ್ಟಿದ್ದಾರೆ. ಆದರೆ ಈ ಅಭ್ಯಾಸವನ್ನು ಲೋಕದ ಶಾಲೆಗಳಿಗೆಲ್ಲ ಹರಡಿದ ಮಹನೀಯರ ಹೆಸರು ಇಂದು ಅನೇಕರಿಗೆ ತಿಳಿಯದು. ಅವರೇ ಲಿಂಡ್ಲೆ ಮರ್ರೆ. ಒಂದು ಕಾಲದಲ್ಲಿ ಇಂಗ್ಲಿಷ್ ವ್ಯಾಕರಣವೆಂದರೆ ಮರ್ರೆ, ಮರ್ರೆ ಎಂದರೆ ಇಂಗ್ಲಿಷ್ ವ್ಯಾಕರಣ ಎಂಬಷ್ಟು ಅವರ ಹೆಸರು ಮನೆಮಾತಾಗಿತ್ತು. ವಿಚಿತ್ರವೆಂದರೆ ಅವರು ಶಾಲಾ ಉಪಾಧ್ಯಾಯರಾಗಿರಲಿಲ್ಲ. ಪಂಡಿತ ಪದವಿಯನ್ನು ಪಡೆದವರೂ ಅಲ್ಲ. ವಕೀಲರಾಗಿ, ವರ್ತಕರಾಗಿ ಬಾಳಿ, ದೇಹಬಲವೆಲ್ಲ ಕುಂದಿದ ಮೇಲೆ ಕುಳಿತಲ್ಲಿಂದಲೇ ಮಕ್ಕಳ ಸೇವೆಗೆ ನಿಂತವರು.

ಮರ್ರೆಯವರು 1745ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ, ಲ್ಯಾಂಕಾಸ್ಟರ್ ಪಟ್ಟಣಕ್ಕೆ ಸಮೀಪದ ಸ್ವಟಾರ ಎಂಬಲ್ಲಿ ಜನಿಸಿದರು. ಅಮೆರಿಕ ಆಗ ಇಂಗ್ಲೆಂಡಿನ ಅಧೀನದಲ್ಲಿತ್ತು. ಹನ್ನೆರಡು ಮಕ್ಕಳಲ್ಲಿ ಅವರೇ ಹಿರಿಯರು. ತಂದೆ ರಾಬರ್ಟ್ ಮರ್ರೆ ಹಿಟ್ಟಿನ ಗಿರಣಿಯಿಂದ ಜೀವನವನ್ನು ಆರಂಭಿಸಿ, ಮುಂದೆ ನ್ಯೂಯಾರ್ಕ್ ನಗರದ ದೊಡ್ಡ ವರ್ತಕರಲ್ಲಿ ಒಬ್ಬರೆನಿಸಿದರು. ಆ ನಗರದ ಮರ್ರೆ ಹಿಲ್ ಎಂಬ ಬಡಾವಣೆ ಇಂದಿಗೂ ಈ ಮನೆತನದ ಹೆಸರನ್ನು ಹೊತ್ತಿದೆ. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿತ್ತು. ಪುರೋಹಿತರ ಮಧ್ಯಸ್ಥಿಕೆಯಿಲ್ಲದ ಮೌನಪ್ರಾರ್ಥನೆ, ಆಡಂಬರವಿಲ್ಲದ ಬದುಕು, ಯುದ್ಧವಿರೋಧ, ಸ್ತ್ರೀಪುರುಷರಿಬ್ಬರಿಗೂ ಧರ್ಮಬೋಧನೆಯ ಅಧಿಕಾರ ಇವು ಆ ಪಂಥದ ಲಕ್ಷಣಗಳು. ಶರಣರ ನಾಡಿನ ಓದುಗರಿಗೆ ಈ ಆದರ್ಶಗಳು ಅಪರಿಚಿತವೆನಿಸಲಾರವು.

ಬಾಲಕ ಲಿಂಡ್ಲೆ ಬಲು ಚುರುಕು, ಅಷ್ಟೇ ಹಠವಾದಿ. ತಂದೆಯ ಶಿಸ್ತು ಕಠಿಣವಾಗಿತ್ತು. ಒಮ್ಮೆ ಅಪ್ಪಣೆಯಿಲ್ಲದೆ ಮನೆಯಿಂದ ಹೊರಗೆ ಹೋದುದಕ್ಕೆ ತಂದೆ ದಂಡಿಸಿದಾಗ, ತಾನು ತಪ್ಪು ಮಾಡಿಲ್ಲವೆಂದು ನೊಂದ ಆ ಹುಡುಗ ಯಾರಿಗೂ ಹೇಳದೆ ನ್ಯೂಜೆರ್ಸಿಯ ಬರ್ಲಿಂಗ್‌ಟನ್ ಊರಿಗೆ ಹೊರಟುಹೋದನು. ಮನೆ ಬಿಟ್ಟು ಓಡಿಹೋದ ಮಕ್ಕಳು ಸಾಮಾನ್ಯವಾಗಿ ಶಾಲೆಯನ್ನೂ ಬಿಡುತ್ತಾರೆ; ಈ ಹುಡುಗನಾದರೋ ಅಲ್ಲಿ ತಾನೇ ಒಂದು ಶಾಲೆಗೆ ಸೇರಿ ಫ್ರೆಂಚ್ ಭಾಷೆಯನ್ನು ಕಲಿಯತೊಡಗಿದನು. ಕೆಲಕಾಲದ ಮೇಲೆ ಬಂಧುಗಳಿಗೆ ಸುಳಿವು ಸಿಕ್ಕಿ ಅವನನ್ನು ಮನೆಗೆ ಕರೆತಂದರು. ತಂದೆ ಕೋಪವನ್ನು ಮರೆತು ಮಗನನ್ನು ಪ್ರೀತಿಯಿಂದ ಬರಮಾಡಿಕೊಂಡರು. ಮನೆಯಲ್ಲೇ ಪಾಠ ಹೇಳಲು ಉಪಾಧ್ಯಾಯರನ್ನೂ ನೇಮಿಸಿದರು.

ತಂದೆಗೆ ಮಗ ವ್ಯಾಪಾರಿಯಾಗಬೇಕೆಂಬ ಆಸೆ, ಮಗನಿಗೆ ನ್ಯಾಯಶಾಸ್ತ್ರದ ಒಲವು. ತಂದೆಯೊಡನೆ ವಾದಿಸುವುದಕ್ಕೆ ಬದಲು ಲಿಂಡ್ಲೆ ತನ್ನ ಪಕ್ಷದ ಕಾರಣಗಳನ್ನೆಲ್ಲ ಕ್ರಮವಾಗಿ ಬರೆದು ಮುಂದಿಟ್ಟರು. ಆ ಬರಹವನ್ನು ಓದಿದ ಕುಟುಂಬದ ವಕೀಲ ಬೆಂಜಮಿನ್ ಕಿಸಾಮ್ ಹುಡುಗನ ಪಕ್ಷವನ್ನೇ ವಹಿಸಿದರು. ವಿಷಯವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಒಂದರ ಮೇಲೊಂದರಂತೆ ಜೋಡಿಸಿ ಒಪ್ಪಿಸುವ ಕಲೆ ಅವರಿಗೆ ಆಗಲೇ ಸಿದ್ಧಿಸಿತ್ತು. ಕಿಸಾಮರ ಕಚೇರಿಯಲ್ಲಿ ಅವರ ಸಹಪಾಠಿಯಾಗಿದ್ದವರು ಜಾನ್ ಜೇ. ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಥಮ ಮುಖ್ಯ ನ್ಯಾಯಾಧೀಶರಾದವರು. ಮರ್ರೆಯವರು ವಕೀಲರಾದರು, 1767ರಲ್ಲಿ ಹನ್ನಾ ಡಾಬ್ಸನ್ ಎಂಬ ಸದ್ಗುಣಿಯನ್ನು ವಿವಾಹವಾದರು. ಅವರಿಗೆ ಮಕ್ಕಳಾಗಲಿಲ್ಲ. ಐವತ್ತೆಂಟು ವರ್ಷಗಳಿಗೂ ಮೀರಿದ ಆ ದಾಂಪತ್ಯ ಅನ್ಯೋನ್ಯವಾಗಿತ್ತು.

ಅಮೆರಿಕದ ಸ್ವಾತಂತ್ರ್ಯ ಸಮರ ಆರಂಭವಾದಾಗ ಮರ್ರೆ ದಂಪತಿಗಳು ಲಾಂಗ್ ಐಲೆಂಡಿನ ಇಸ್ಲಿಪ್ ಎಂಬ ಗ್ರಾಮಕ್ಕೆ ಸರಿದು, ಅಲ್ಲಿ ನಾಲ್ಕು ವರ್ಷ ಕಳೆದರು. ಮೀನು ಹಿಡಿಯುವುದು, ಹಕ್ಕಿಬೇಟೆ, ದೋಣಿವಿಹಾರ ಇವುಗಳಲ್ಲಿ ಕಾಲ ಸರಿಯಿತು. ಅಮೂಲ್ಯವಾದ ಸಮಯವನ್ನು ಹಾಗೆ ವ್ಯರ್ಥ ಮಾಡಿದೆನೆಂದು ಅವರು ಮುಂದೆ ತಮ್ಮ ಆತ್ಮಕಥನದಲ್ಲಿ ಪರಿತಪಿಸಿದ್ದಾರೆ. ಬಳಿಕ ಅವರು ನ್ಯೂಯಾರ್ಕಿಗೆ ಮರಳಿ ವ್ಯಾಪಾರಕ್ಕೆ ಕೈಹಾಕಿದರು. ನಗರ ಆಗ ಬ್ರಿಟಿಷ್ ಸೈನ್ಯದ ವಶದಲ್ಲಿತ್ತು. ವ್ಯಾಪಾರ ಕೈಹಿಡಿಯಿತು. 1783ರಲ್ಲಿ ಯುದ್ಧ ಮುಗಿಯುವ ವೇಳೆಗೆ, ಮುಂದೆ ದುಡಿಯಬೇಕಾದ ಅವಶ್ಯಕತೆಯೇ ಇಲ್ಲದಷ್ಟು ಸಂಪತ್ತು ಅವರಲ್ಲಿತ್ತು. ಈಸ್ಟ್ ನದಿಯ ದಂಡೆಯಲ್ಲಿ ಬೆಲ್‌ವ್ಯೂ ಎಂಬ ಸುಂದರವಾದ ಮನೆಯನ್ನೂ ಕೊಂಡರು. ವಯಸ್ಸು ಇನ್ನೂ ನಲವತ್ತಾಗಿರಲಿಲ್ಲ.

ಸುಖಜೀವನಕ್ಕೆ ಸಕಲವೂ ಸಿದ್ಧವಾದ ಆ ಹೊತ್ತಿನಲ್ಲೇ ದೇಹ ಕೈಕೊಟ್ಟಿತು. ಕಾಲುಗಳ ಸ್ನಾಯುಗಳು ಶಕ್ತಿಗುಂದತೊಡಗಿದವು. ಸ್ವಲ್ಪ ದೂರ ನಡೆದರೂ ಬಳಲಿಕೆ. ತಂಪಾದ ಹವೆಯಿರುವ ದೇಶಕ್ಕೆ ಹೋಗಬೇಕೆಂದು ವೈದ್ಯರು ಸೂಚಿಸಿದರು. ಒಂದೆರಡು ವರ್ಷಗಳಲ್ಲಿ ಮರಳಬಹುದೆಂಬ ಭರವಸೆಯಿಂದ 1784ರ ಕೊನೆಯಲ್ಲಿ ದಂಪತಿಗಳು ಇಂಗ್ಲೆಂಡಿಗೆ ಹಡಗು ಹತ್ತಿದರು. ಮರಳುವ ಯೋಗ ಒದಗಲಿಲ್ಲ. ಯಾರ್ಕ್ ನಗರದ ಹೊರವಲಯದ ಹೋಲ್ಗೇಟ್ ಎಂಬಲ್ಲಿ ತೋಟವಿದ್ದ ಒಂದು ಮನೆಯನ್ನು ಕೊಂಡು ನೆಲೆಸಿದರು. ಕೊನೆಯವರೆಗೂ ಅದೇ ಅವರ ಪ್ರಪಂಚವಾಯಿತು. ಮೊದಲು ತೋಟದಲ್ಲಿ ಓಡಾಡುತ್ತಿದ್ದವರು ಕ್ರಮೇಣ ಗಾಲಿಯ ಕುರ್ಚಿಯನ್ನೂ ಬಂಡಿಯನ್ನೂ ಅವಲಂಬಿಸಿದರು. ಕಡೆಯ ಹದಿನಾರು ವರ್ಷಗಳಲ್ಲಿ ಮನೆಯ ಹೊಸ್ತಿಲನ್ನೇ ದಾಟಲಿಲ್ಲ. ಧ್ವನಿಯೂ ಕ್ಷೀಣಿಸಿತ್ತು. ಆದರೆ ಬುದ್ಧಿ ನಿರ್ಮಲವಾಗಿತ್ತು, ಮನಸ್ಸು ಶಾಂತವಾಗಿತ್ತು.

ಕೈಕಾಲು ಆಡದವನಿಂದ ಲೋಕಕ್ಕೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಅವರು ತಮಗೆ ತಾವೇ ಹಾಕಿಕೊಂಡಂತೆ ತೋರುತ್ತದೆ. 1787ರಲ್ಲಿ, ಮರಣಕಾಲದಲ್ಲಿ ಧರ್ಮಶ್ರದ್ಧೆ ಮನುಷ್ಯನಿಗೆ ಕೊಡುವ ಧೈರ್ಯವನ್ನು ಕುರಿತ ಒಂದು ಪುಸ್ತಕವನ್ನು ಸಿದ್ಧಪಡಿಸಿ, 500 ಪ್ರತಿಗಳನ್ನು ಸ್ವಂತ ಖರ್ಚಿನಿಂದ ಮುದ್ರಿಸಿ, ತಮ್ಮ ಹೆಸರನ್ನೂ ಹಾಕದೆ ನೆರೆಹೊರೆಯವರಿಗೆ ಹಂಚಿದರು. ಅದು ಮೊದಲ ಹೆಜ್ಜೆ. ಅವರ ನಿಜವಾದ ಕಾಯಕ ಮಾತ್ರ ಒಂದು ಶಾಲೆಯ ರೂಪದಲ್ಲಿ ಅವರನ್ನು ಹುಡುಕಿಕೊಂಡು ಬಂದಿತು.

ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ಎಸ್ತರ್ ಟ್ಯೂಕ್ ಎಂಬ ಮಹಿಳೆ 1785ರಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದಿದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣವೇ ಆಗಿತ್ತು. ಇಂಗ್ಲಿಷ್ ಭಾಷೆಯ ಮೊತ್ತಮೊದಲ ವ್ಯಾಕರಣವನ್ನು ವಿಲಿಯಂ ಬುಲೋಕರ್ 1586ರಷ್ಟು ಹಿಂದೆಯೇ ಬರೆದಿದ್ದರೂ, 1762ರಲ್ಲಿ ರಾಬರ್ಟ್ ಲೌತ್ ಎಂಬ ವಿದ್ವಾಂಸ ಪ್ರೌಢವಾದ ವ್ಯಾಕರಣವೊಂದನ್ನು ರಚಿಸಿದ್ದರೂ, ಲ್ಯಾಟಿನ್ ತಿಳಿಯದ ಎಳೆಯರ ಕೈಗೆ ಕೊಡಬಹುದಾದ ಕ್ರಮಬದ್ಧವಾದ ಪಠ್ಯಪುಸ್ತಕ ದುರ್ಲಭವಾಗಿತ್ತು. ಲ್ಯಾಟಿನ್ ಪಾಠ ಗಂಡುಮಕ್ಕಳಿಗೆ ಮೀಸಲು. ಹೆಣ್ಣುಮಕ್ಕಳು ವ್ಯಾಕರಣವನ್ನು ಕಲಿಯಬೇಕಾದರೆ ಅದು ಇಂಗ್ಲಿಷಿನ ಮೂಲಕವೇ ಆಗಬೇಕಿತ್ತು. ಶಾಲೆಯ ತರುಣ ಶಿಕ್ಷಕಿಯರು ಹೋಲ್ಗೇಟಿಗೆ ಬಂದು ಮರ್ರೆಯವರಿಂದ ಭಾಷೆಯ ಪಾಠ ಹೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಮೂವರು ಸೇರಿ, ತಮ್ಮ ವಿದ್ಯಾರ್ಥಿನಿಯರಿಗಾಗಿ ಒಂದು ವ್ಯಾಕರಣವನ್ನು ಬರೆದುಕೊಡಬೇಕೆಂದು ಪತ್ರಮುಖೇನ ವಿನಂತಿಸಿದರು. ಮರ್ರೆಯವರು ಮೊದಲು ಹಿಂಜರಿದರು, ಕೊನೆಗೆ ಒಪ್ಪಿದರು. 1795ರಲ್ಲಿ ಯಾರ್ಕಿನಲ್ಲಿಯೇ ಅಚ್ಚಾಗಿ ಅವರ ಇಂಗ್ಲಿಷ್ ವ್ಯಾಕರಣ ಹೊರಬಂದಿತು. ಒಂದು ಚಿಕ್ಕ ಶಾಲೆಯ ಉಪಯೋಗಕ್ಕೆಂದು ಹುಟ್ಟಿದ ಗ್ರಂಥ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡ್, ಅಮೆರಿಕಗಳೆರಡನ್ನೂ ವ್ಯಾಪಿಸಿತು.

ಈ ಗ್ರಂಥದ ವೈಶಿಷ್ಟ್ಯ ಅದರ ವ್ಯವಸ್ಥೆಯಲ್ಲಿದೆ. ಅಕ್ಷರ ಮತ್ತು ಕಾಗುಣಿತ, ಪದವಿಚಾರ, ವಾಕ್ಯರಚನೆ, ಉಚ್ಚಾರ ಮತ್ತು ಛಂದಸ್ಸು ಎಂದು ನಾಲ್ಕು ಭಾಗಗಳು. ಪದಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ವಾಕ್ಯರಚನೆಯನ್ನು ಇಪ್ಪತ್ತೆರಡು ಸೂತ್ರಗಳಲ್ಲಿ ಅಡಕಗೊಳಿಸಿದರು. ಕರ್ತೃಪದದ ವಚನ ಮತ್ತು ಪುರುಷಗಳಿಗೆ ಕ್ರಿಯಾಪದ ಹೊಂದಿಕೊಳ್ಳಬೇಕೆಂಬುದು ಅವುಗಳಲ್ಲಿ ಮೊದಲನೆಯದು. ವಿದ್ಯಾರ್ಥಿ ಬಾಯಿಪಾಠ ಮಾಡಲೇಬೇಕಾದ ಮುಖ್ಯ ನಿಯಮಗಳನ್ನು ದೊಡ್ಡ ಅಕ್ಷರಗಳಲ್ಲಿಯೂ, ಬಲಿತ ವಿದ್ಯಾರ್ಥಿಗೂ ಉಪಾಧ್ಯಾಯರಿಗೂ ಬೇಕಾದ ವಿವರಣೆಗಳನ್ನು ಸಣ್ಣ ಅಕ್ಷರಗಳಲ್ಲಿಯೂ ಅಚ್ಚು ಹಾಕಿಸಿದರು. ಒಂದೇ ಪುಸ್ತಕ ಇಬ್ಬರಿಗೂ ಒದಗುವ ಈ ಉಪಾಯ ನೋಡಲು ಸರಳ. ಆದರೆ ತರಗತಿಯಲ್ಲಿ ನಿಂತು ಪಾಠ ಹೇಳಿದವರಿಗೇ ಅದರ ಬೆಲೆ ಗೊತ್ತು.

ಹೊಸದಾಗಿ ಇಂಗ್ಲಿಷ್ ಕಲಿಯುವವರಿಗೆ ಅತ್ಯಂತ ಕಷ್ಟವೆನಿಸುವ ಕಾಲವಿಚಾರವನ್ನು ಅವರು ನಿರೂಪಿಸಿರುವ ರೀತಿ ಗಮನಾರ್ಹವಾದುದು. ಅವರು ಆರು ಕಾಲಗಳನ್ನು ಎಣಿಸಿದರು. ನಮ್ಮ ಭಾಷೆಯ ರೂಪಗಳನ್ನು ಪಕ್ಕದಲ್ಲಿಟ್ಟರೆ ಅವು ಸುಲಭವಾಗಿ ಮನದಟ್ಟಾಗುತ್ತವೆ. ಐ ರೈಟ್ ಎಂಬುದು ಬರೆಯುತ್ತೇನೆ. ಐ ರೋಟ್ ಎಂಬುದು ಬರೆದೆನು. ಐ ಹ್ಯಾವ್ ರಿಟನ್ ಎಂಬುದು ಬರೆದಿದ್ದೇನೆ. ಐ ಹ್ಯಾಡ್ ರಿಟನ್ ಎಂಬುದು ಬರೆದಿದ್ದೆನು. ಐ ಷಲ್ ರೈಟ್ ಎಂಬುದು ಬರೆಯುವೆನು. ಐ ಷಲ್ ಹ್ಯಾವ್ ರಿಟನ್ ಎಂಬುದು ಬರೆದಿರುವೆನು. ಬರೆಯುತ್ತಿದ್ದೇನೆ ಎಂಬಂತಹ, ಕ್ರಿಯೆ ನಡೆಯುತ್ತಲೇ ಇರುವುದನ್ನು ಹೇಳುವ ರೂಪಗಳನ್ನು ಅವರು ಬೇರೆ ಕಾಲಗಳೆಂದು ಎಣಿಸಲಿಲ್ಲ. ಹನ್ನೆರಡು ಕಾಲಗಳ ಪಟ್ಟಿ ಶಾಲೆಗಳಲ್ಲಿ ರೂಢಿಗೆ ಬಂದುದು ಅನಂತರದ ಕಾಲದಲ್ಲಿ. ಧಾತುವಿನ ರೂಪವೇ ಬದಲಾಗುವುದು ಮೊದಲೆರಡು ಕಾಲಗಳಲ್ಲಿ ಮಾತ್ರ, ಉಳಿದವು ಸಹಾಯಕ ಕ್ರಿಯಾಪದಗಳ ಜೋಡಣೆಗಳು ಎಂಬ ಆಕ್ಷೇಪಣೆ ಅಂದೇ ಇತ್ತು. ಇಂದಿನ ಭಾಷಾವಿಜ್ಞಾನಿಗಳಲ್ಲಿ ಅನೇಕರ ಮತವೂ ಅದೇ. ಮರ್ರೆಯವರಿಗೆ ಈ ವಾದ ತಿಳಿಯದೆ ಇರಲಿಲ್ಲ. ಆದರೆ ಜೋಡಣೆಯಿಂದಾದರೂ ಬೇರೆ ಬೇರೆ ಅರ್ಥಗಳು ಹೊರಡುವಾಗ ಅವುಗಳಿಗೆ ಬೇರೆ ಬೇರೆ ಹೆಸರು ಕೊಡುವುದೇ ಕಲಿಯುವವರಿಗೆ ಅನುಕೂಲವೆಂದು ಅವರು ಸಮರ್ಥಿಸಿದರು.

ಆರರಲ್ಲಿ ಮೂರನೆಯದಾದ ಪೂರ್ಣ ವರ್ತಮಾನಕ್ಕೆ ಅವರು ಕೊಟ್ಟ ವಿವರಣೆ ಮನನಯೋಗ್ಯ. ಕ್ರಿಯೆ ಮುಗಿದಿದೆ, ಆದರೆ ಅದರ ಸಂಬಂಧ ವರ್ತಮಾನಕ್ಕೂ ತಾಗಿದೆ ಎನ್ನುವಾಗ ಈ ರೂಪ. ಮುಗಿದುಹೋದ ನಿರ್ದಿಷ್ಟ ಕಾಲವನ್ನು ಹೇಳಿದೊಡನೆ ಅದು ಸಲ್ಲದು. ಕನ್ನಡದಲ್ಲಿ ಅವನು ನಿನ್ನೆ ಬಂದಿದ್ದಾನೆ ಎಂದರೆ ಕಿವಿಗೆ ತೊಡಕಾಗುವುದಿಲ್ಲ; ಇಂಗ್ಲಿಷಿನಲ್ಲಿ ಯೆಸ್ಟರ್‌ಡೇ ಎಂಬ ಪದದೊಡನೆ ಹ್ಯಾಸ್ ಕಮ್ ಎಂಬ ರೂಪ ಕೂಡದು, ಕೇಮ್ ಎಂದೇ ಹೇಳಬೇಕು. ನಮ್ಮ ಮಕ್ಕಳು ಇಲ್ಲಿ ಮತ್ತೆ ಮತ್ತೆ ಎಡವುವುದಕ್ಕೆ ಕಾರಣ ಅಜಾಗರೂಕತೆಯಲ್ಲ, ಮಾತೃಭಾಷೆಯ ಸಹಜ ರೂಢಿ. ಇದನ್ನರಿತ ಉಪಾಧ್ಯಾಯರು ಮಗುವನ್ನು ಗದರಿಸದೆ ಭೇದವನ್ನು ಬಿಡಿಸಿ ತೋರಿಸುತ್ತಾರೆ. ಮರ್ರೆಯವರು ಇದೇ ಪ್ರಸಂಗದಲ್ಲಿ ರೋಮಿನ ವಾಗ್ಮಿ ಸಿಸಿರೋನ ನಿದರ್ಶನವನ್ನು ಎತ್ತಿಕೊಂಡರು. ಸಿಸಿರೋ ಭಾಷಣಗಳನ್ನು ರಚಿಸಿದ್ದಾನೆ ಎಂದು ಪೂರ್ಣ ವರ್ತಮಾನದಲ್ಲಿ ಹೇಳಬಹುದು, ಏಕೆಂದರೆ ಆ ಭಾಷಣಗಳು ಇಂದಿಗೂ ಉಳಿದಿವೆ. ಕವಿತೆಗಳನ್ನು ರಚಿಸಿದ್ದಾನೆ ಎನ್ನಲಾಗದು, ಏಕೆಂದರೆ ಅವು ಕಳೆದುಹೋಗಿವೆ ಎಂಬುದು ಅವರ ವಿವರಣೆ. ಕರ್ತೃ ಗತಿಸಿದರೂ ಕೃತಿ ಉಳಿದಿದ್ದರೆ ಕ್ರಿಯಾಪದ ವರ್ತಮಾನದ ಸಂಬಂಧವನ್ನು ಕಳೆದುಕೊಳ್ಳುವುದಿಲ್ಲ ಎಂಬ ಈ ಮಾತು ವ್ಯಾಕರಣದ ಎಲ್ಲೆಯನ್ನು ಮೀರಿದ ಅರ್ಥವುಳ್ಳದ್ದು.

ನಿಯಮವನ್ನು ಒಪ್ಪಿಸಿದ ಮಾತ್ರಕ್ಕೆ ಭಾಷೆ ಬರುವುದಿಲ್ಲವೆಂಬುದನ್ನು ಅರಿತ ಮರ್ರೆಯವರು 1797ರಲ್ಲಿ ಅಭ್ಯಾಸಗಳ ಪುಸ್ತಕವನ್ನೂ, ಅದಕ್ಕೆ ಉತ್ತರಗಳ ಕೈಪಿಡಿಯನ್ನೂ, ಎಳೆಯರಿಗಾಗಿ ವ್ಯಾಕರಣದ ಸಂಗ್ರಹವನ್ನೂ ಹೊರತಂದರು. ತಪ್ಪು ವಾಕ್ಯಗಳನ್ನು ಕೊಟ್ಟು ತಿದ್ದಿಸುವ ಪದ್ಧತಿಯನ್ನು ಮೊದಲು ಕಂಡುಹಿಡಿದವರು ಅವರಲ್ಲ. ಅದನ್ನು ಸೂತ್ರಗಳ ಅನುಕ್ರಮಕ್ಕೆ ಜೋಡಿಸಿ ಹಬ್ಬಿಸಿದ ಶ್ರೇಯಸ್ಸು ಅವರದು. ಗುರುವಿನ ನೆರವಿಲ್ಲದೆ ಕಲಿಯುವವರು ಉತ್ತರಗಳ ಕೈಪಿಡಿಯಿಂದ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬಹುದಾಗಿತ್ತು. ಉದಾಹರಣೆಗಳ ಆಯ್ಕೆಯಲ್ಲಿ ಅವರ ಎಚ್ಚರ ಅಸಾಧಾರಣ. ಎಳೆಯ ಮನಸ್ಸನ್ನು ಕೆಡಿಸುವ ಒಂದು ವಾಕ್ಯವೂ ನುಸುಳಬಾರದು. ಕಾಲ, ವಚನಗಳನ್ನು ತಿದ್ದುವಾಗಲೇ ಸತ್ಯ, ದಯೆ, ಸಂಯಮಗಳ ಮಾತು ಮಗುವಿನ ಕಿವಿಗೆ ಬೀಳಬೇಕು ಎಂಬುದು ಅವರ ಸಂಕಲ್ಪ. 1799ರಲ್ಲಿ ಬಂದ ಇಂಗ್ಲಿಷ್ ರೀಡರ್ ಎಂಬ ಅವರ ವಾಚನ ಗ್ರಂಥ ಅಮೆರಿಕದಲ್ಲಿ ವಿಶೇಷವಾಗಿ ಜನಪ್ರಿಯವಾಯಿತು. ಶಾಲೆಯ ಮುಖವನ್ನು ಹೆಚ್ಚು ಕಾಣದೆ ಬೆಳೆದ ಅಬ್ರಹಾಂ ಲಿಂಕನ್ ಆ ಪುಸ್ತಕವನ್ನು ಬಹಳವಾಗಿ ಮೆಚ್ಚಿದ್ದರು. 1804ರಲ್ಲಿ ಕಾಗುಣಿತದ ಪುಸ್ತಕ ಬಂದಿತು. 1808ರಲ್ಲಿ ವ್ಯಾಕರಣದ ವಿಸ್ತೃತ ಆವೃತ್ತಿ ಎರಡು ಸಂಪುಟಗಳಲ್ಲಿ ಹೊರಬಿದ್ದಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅವರ ಶಾಲಾಪುಸ್ತಕಗಳೆಲ್ಲ ಸೇರಿ ಒಂದೂವರೆ ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ.

ಕೀರ್ತಿಯೊಡನೆ ಟೀಕೆಯೂ ಬಂದಿತು. ಲೌತ್ ಮೊದಲಾದ ಪೂರ್ವಸೂರಿಗಳ ಗ್ರಂಥಗಳಿಂದ ಧಾರಾಳವಾಗಿ ತೆಗೆದುಕೊಂಡು, ಎಲ್ಲಿಂದ ತಂದರೆಂಬುದನ್ನು ಅಲ್ಲಲ್ಲಿ ಸೂಚಿಸಿಲ್ಲ ಎಂಬುದು ಮುಖ್ಯ ಆರೋಪ. ಇದರಲ್ಲಿ ಸತ್ಯವಿಲ್ಲದಿಲ್ಲ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ಕೂಡ ತಮ್ಮಿಂದ ಎರವಲು ಪಡೆದುದಕ್ಕೆ ಸಾಕಷ್ಟು ಮನ್ನಣೆ ಸಿಗಲಿಲ್ಲವೆಂದು ಅಸಮಾಧಾನಗೊಂಡಿದ್ದರು. ಮರ್ರೆಯವರಾದರೋ ತಾವು ಹೊಸ ಸಿದ್ಧಾಂತವನ್ನು ಸ್ಥಾಪಿಸಿದೆವೆಂದು ಎಂದೂ ಹೇಳಿಕೊಳ್ಳಲಿಲ್ಲ. ತಮ್ಮದು ಸಂಗ್ರಹಕಾರ್ಯವೆಂದೇ ಹೇಳಿ, ತಾವು ಋಣಿಯಾಗಿರುವ ವಿದ್ವಾಂಸರ ಹೆಸರುಗಳನ್ನು ಮುನ್ನುಡಿಯಲ್ಲಿ ನಮೂದಿಸಿದರು. ಅವರ ಕಾಲಾನಂತರ ಗೂಲ್ಡ್ ಬ್ರೌನ್ ಎಂಬ ವೈಯಾಕರಣಿ ಅವರ ದೋಷಗಳನ್ನು ಕಟುವಾಗಿ ಎತ್ತಿ ಆಡಿದರು. ವ್ಯಾಕರಣಕಾರನ ಗದ್ಯದಲ್ಲೇ ವ್ಯಾಕರಣದೋಷಗಳನ್ನು ಹುಡುಕಿ ಗ್ರಂಥ ಬರೆದವರೂ ಉಂಟು. ಜೀವಿತಕಾಲದಲ್ಲಿ ತೋರಿಸಿಕೊಟ್ಟ ತಪ್ಪುಗಳನ್ನು ಮರ್ರೆಯವರು ಕೋಪವಿಲ್ಲದೆ ಪರಿಶೀಲಿಸಿ, ಸರಿಯೆನಿಸಿದ್ದನ್ನು ಮುಂದಿನ ಆವೃತ್ತಿಯಲ್ಲಿ ಸ್ವೀಕರಿಸಿದರು. ನಾಮಪದಗಳಿಗೆ ಮೊದಲು ಎರಡೇ ವಿಭಕ್ತಿಗಳನ್ನು ಹೇಳಿದ್ದವರು ಅನಂತರ ಕರ್ಮವಿಭಕ್ತಿಯನ್ನೂ ಸೇರಿಸಿ ಮೂರೆಂದು ತಿದ್ದಿಕೊಂಡರು. ಜಗತ್ತಿನ ಮಕ್ಕಳಿಗೆಲ್ಲ ತಪ್ಪನ್ನು ತಿದ್ದಿಕೊಳ್ಳಲು ಕಲಿಸಿದವರು ತಮ್ಮ ಪುಟಗಳನ್ನು ತಿದ್ದಿಕೊಳ್ಳಲು ನಾಚಲಿಲ್ಲ.

ಇಷ್ಟು ಪುಸ್ತಕಗಳಿಂದ ಬಂದ ಹಣದ ವಿನಿಯೋಗವೂ ತಿಳಿಯತಕ್ಕದ್ದೇ. ತಮ್ಮ ಜೀವನಕ್ಕೆ ಮೊದಲಿನ ಗಳಿಕೆ ಸಾಕೆಂದು ನಿಶ್ಚಯಿಸಿ, ಗ್ರಂಥಸ್ವಾಮ್ಯವನ್ನು ಮಾರಿ ಬಂದ ಹಣವನ್ನೆಲ್ಲ ಅವರು ದಾನಧರ್ಮಗಳಿಗೆ ಮೀಸಲಿಟ್ಟರು. ಮನೆ ಸರಳವಾಗಿತ್ತು, ಊಟ ಮಿತವಾಗಿತ್ತು, ದಿನಚರಿ ಗಡಿಯಾರದಂತೆ ನಡೆಯುತ್ತಿತ್ತು. 1826ರ ಜನವರಿ 16ರಂದು, ಎಂಬತ್ತು ವರ್ಷದ ಮರ್ರೆಯವರು ಹೋಲ್ಗೇಟಿನಲ್ಲಿಯೇ ಕಣ್ಣು ಮುಚ್ಚಿದರು. ಆಪ್ತರೊಬ್ಬರ ಒತ್ತಾಯಕ್ಕೆ ಮಣಿದು ಪತ್ರಗಳ ರೂಪದಲ್ಲಿ ಬರೆದಿಟ್ಟಿದ್ದ ಆತ್ಮಕಥನ ಅದೇ ವರ್ಷ ಪ್ರಕಟವಾಯಿತು. ಪತ್ನಿಯ ಜೀವಿತಾನಂತರ ತಮ್ಮ ಆಸ್ತಿಯ ಉಳಿಕೆಯಿಂದ ನ್ಯೂಯಾರ್ಕಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಬೇಕೆಂದೂ, ಗುಲಾಮರ ಬಿಡುಗಡೆ, ಅವರ ಸಂತತಿಯವರ ಹಾಗೂ ಅಮೆರಿಕದ ಮೂಲನಿವಾಸಿಗಳ ವಿದ್ಯಾಭ್ಯಾಸ, ಬಡವರ ನೆರವು, ಸದ್ಗ್ರಂಥಗಳ ಹಂಚಿಕೆ ಇವುಗಳಿಗೆ ಅದನ್ನು ಬಳಸಬೇಕೆಂದೂ ಅವರು ಮೃತ್ಯುಪತ್ರದಲ್ಲಿ ವಿಧಿಸಿದ್ದರು. ವ್ಯಾಪಾರದ ದಿನಗಳಲ್ಲಿ ಕೂಡಿಸಿದ ಧನ ಹೀಗೆ ಅಕ್ಷರದ ದಾಸೋಹಕ್ಕೆ ಸಂದಿತು.

ಮರ್ರೆಯವರ ಹೆಸರು ಇಂಗ್ಲಿಷ್ ಕಾದಂಬರಿಗಳಲ್ಲಿಯೂ ನೆಲೆಸಿದೆ. ಚಾರ್ಲ್ಸ್ ಡಿಕನ್ಸ್ ತಮ್ಮ ಓಲ್ಡ್ ಕ್ಯೂರಿಯಾಸಿಟಿ ಶಾಪ್ ಕಾದಂಬರಿಯಲ್ಲಿ, ಮೇಣದ ಬೊಂಬೆಗಳ ಪ್ರದರ್ಶನ ನಡೆಸುವವಳು ಶಾಲಾಬಾಲಕಿಯರನ್ನು ಮೆಚ್ಚಿಸಲು ವಿದೂಷಕನ ಬೊಂಬೆಯ ವೇಷ ಬದಲಿಸಿ ಅದನ್ನೇ ವ್ಯಾಕರಣ ಬರೆಯುತ್ತಿರುವ ಮರ್ರೆಯನ್ನಾಗಿ ಮಾಡಿದ ವಿನೋದವನ್ನು ಚಿತ್ರಿಸಿದ್ದಾರೆ. ಜಾರ್ಜ್ ಎಲಿಯಟ್ ಅವರ ಮಿಡ್ಲ್‌ಮಾರ್ಚ್ ಕಾದಂಬರಿಯ ತಾಯಿಯೊಬ್ಬಳು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಮಕ್ಕಳಿಗೆ ಮರ್ರೆಯ ವ್ಯಾಕರಣವನ್ನು ಹೇಳಿಕೊಡುತ್ತಾಳೆ. ಭಾರತದ ಮೊದಮೊದಲ ಇಂಗ್ಲಿಷ್ ಶಾಲೆಗಳಿಗೂ ಅವರ ಪುಸ್ತಕಗಳು ತಲುಪಿದ್ದವು. ಮುಂದೆ ನೆಸ್‌ಫೀಲ್ಡ್ ಅವರ ವ್ಯಾಕರಣವೂ, 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಅವರ ಪಠ್ಯವೂ ನಮ್ಮ ಶಾಲೆಗಳಲ್ಲಿ ಆ ಸ್ಥಾನವನ್ನು ಪಡೆದವು. ಹೆಸರುಗಳು ಬದಲಾದರೂ ನಿಯಮ, ಉದಾಹರಣೆ, ಅಭ್ಯಾಸ, ತಿದ್ದುಪಡಿ ಎಂಬ ಕ್ರಮ ಮಾತ್ರ ಹಾಗೆಯೇ ಮುಂದುವರಿಯಿತು.

ಇಂದು ಮರ್ರೆಯವರ ವ್ಯಾಕರಣವನ್ನು ಪಠ್ಯವಾಗಿಟ್ಟು ಪಾಠ ಹೇಳುವ ಶಾಲೆಗಳಿಲ್ಲ. ಅವರು ವಿಶ್ರಮಿಸುತ್ತಿದ್ದ ಹೋಲ್ಗೇಟ್ ತೋಟದ ಚಿಕ್ಕ ಮಂಟಪವನ್ನು ಯಾರ್ಕಿನ ಮೌಂಟ್ ಶಾಲೆಯ ಆವರಣಕ್ಕೆ ಸಾಗಿಸಿ ಉಳಿಸಿಕೊಳ್ಳಲಾಗಿದೆ. ಎಸ್ತರ್ ಟ್ಯೂಕ್ ಅವರ ಶಾಲೆಯ ಪರಂಪರೆಯಲ್ಲಿ 1831ರಲ್ಲಿ ಆರಂಭವಾದ ಹೆಣ್ಣುಮಕ್ಕಳ ಶಾಲೆ ಅದು. ಮೂವರು ಶಿಕ್ಷಕಿಯರ ಒಂದು ವಿನಂತಿ, ನಡೆಯಲಾರದ ಒಬ್ಬ ಮನುಷ್ಯನ ಒಪ್ಪಿಗೆ, ಇವುಗಳಿಂದ ಹುಟ್ಟಿದ ಕಾರ್ಯ ಎರಡು ಶತಮಾನಗಳಾಚೆಗೂ ಎಲ್ಲೋ ಒಂದು ತರಗತಿಯಲ್ಲಿ, ತನ್ನ ವಾಕ್ಯವನ್ನು ತಾನೇ ತಿದ್ದಿಕೊಳ್ಳುವ ಮಗುವಿನ ಲೇಖನಿಯಲ್ಲಿ ನಡೆಯುತ್ತಲೇ ಇದೆ. ಆದುದರಿಂದ ಅವರೇ ಹಾಕಿಕೊಟ್ಟ ನಿಯಮವನ್ನು ಅವರಿಗೇ ಅನ್ವಯಿಸುವುದಾದರೆ, ಲಿಂಡ್ಲೆ ಮರ್ರೆಯವರು ಲೋಕಕ್ಕೆ ಇಂಗ್ಲಿಷನ್ನು ಕಲಿಸಿದರು ಎನ್ನುವುದಕ್ಕಿಂತ ಕಲಿಸಿದ್ದಾರೆ ಎನ್ನುವುದೇ ವ್ಯಾಕರಣಶುದ್ಧವಾದ ಮಾತು.